ಕಿಟ್ಟೆಲ್ ಕೊನೆಗೆ ಹೋಗಿ ನೆಲೆಸಿದ ಊರು: ಟ್ಯೂಬಿಂಗನ್ ಅನ್ನೋ ಹಾಸ್ಟೆಲ್ ಪಟ್ಟಣ

ಬೆಂಗಳೂರಲ್ಲಿ ಎಂಜಿ ರೋಡಿನ ಮೇಯೋ ಹಾಲ್ ಹತ್ರ ಫರ್ಡಿನಂಡ್ ಕಿಟ್ಟೆಲ್ ಅವರ ಪ್ರತಿಮೆ ಇದೆ. ನೋಡಿಲ್ಲ ಅಂದ್ರೂ ತಪ್ಪಿಲ್ಲ, ಆ ಸಿಗ್ನಲ್‌ನಲ್ಲಿ ಸೆಕೆಂಡ್ ಎಣಿಸ್ತಾ ನಿಂತವ್ರು ಪ್ರತಿಮೆ ಕಡೆ ಯಾಕೆ ನೋಡ್ತಾರೆ. ಕಿಟ್ಟೆಲ್ ಅಂದ್ರೆ 1894ರ ಡಿಕ್ಷನರಿ, 70 ಸಾವಿರ ಪದ, ಜರ್ಮನ್ ಪಾದ್ರಿ, ಇಷ್ಟು ನಮಗೆಲ್ಲ ಸ್ಕೂಲಲ್ಲೇ ಗೊತ್ತಾಗಿರುತ್ತೆ. ಆದ್ರೆ ಆಮೇಲೆ ಅವರು ಎಲ್ಲಿಗೆ ಹೋದ್ರು? 1903ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದು ಟ್ಯೂಬಿಂಗನ್ ಅನ್ನೋ ಊರಲ್ಲಿ, ದಕ್ಷಿಣ ಜರ್ಮನಿಯ ನೆಕಾರ್ ನದಿ ದಂಡೆಯ ಪುಟ್ಟ ಕಾಲೇಜು ಪಟ್ಟಣ. ಅವರಿಗಿಂತ ಮುಂಚೆ ಮಂಗಳೂರಲ್ಲಿ ಮೊದಲ ಕನ್ನಡ ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅದೇ ಊರಲ್ಲಿ, ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಓದಿದ್ದೂ ಅಲ್ಲೇ. ಒಂದೇ ಊರು ಇಷ್ಟು ಸಲ ಯಾಕೆ ಅಡ್ಡ ಬರುತ್ತೆ ಅಂತ ಹುಡುಕ್ಕೊಂಡು ಹೋದ್ರೆ ಖಗೋಳ ವಿಜ್ಞಾನಿ ಕೆಪ್ಲರ್ ಸಿಗ್ತಾರೆ, ತತ್ವಜ್ಞಾನಿ ಹೆಗೆಲ್ ಸಿಗ್ತಾರೆ, ಡಿಎನ್‌ಎ ಸಿಗುತ್ತೆ, ಕೊನೆಗೆ ಮೀನೆಣ್ಣೆನೂ ಸಿಗುತ್ತೆ. ಇದೆಲ್ಲ ಒಂದಕ್ಕೊಂದು ಹೆಂಗೆ ಅಂಟಿಕೊಂಡಿದೆ ಅಂತ ನನಗೆ ಅರ್ಥ ಆದಷ್ಟು ಹೇಳ್ತೀನಿ.

ಮೊದಲು ಊರು ಎಲ್ಲಿದೆ ನೋಡೋಣ. ಸ್ಟುಟ್‌ಗಾರ್ಟ್ ಗೊತ್ತಲ್ಲ, ಬೆನ್ಸ್ ಕಾರಿನ ಊರು, ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಎರಡು ಗುಡ್ಡ, ನಡುವೆ ತಗ್ಗು, ಆ ತಗ್ಗಲ್ಲಿ ಒತ್ತೊತ್ತಾಗಿ ಕೂತ ಹಳೇ ಊರು. ಒಂದು ಗುಡ್ಡದ ಮೇಲೆ ಕೋಟೆ, ಒಂದು ಪಕ್ಕದಲ್ಲಿ ನೆಕಾರ್ ನದಿ, ಇನ್ನೊಂದು ಪಕ್ಕದಲ್ಲಿ ಅಮ್ಮರ್ ಅಂತ ಸಣ್ಣ ಹೊಳೆ. ನೆಕಾರ್ ಮಧ್ಯದಲ್ಲಿ ಉದ್ದಕ್ಕೆ ಒಂದು ದ್ವೀಪ, ಅದರ ಮೇಲೆ ಸಾಲಾಗಿ ದೊಡ್ಡ ದೊಡ್ಡ ಪ್ಲೇನ್ ಮರಗಳು, ಅಲ್ಲಿ ನಿಂತು ನೋಡಿದ್ರೆ ನೀರಿನ ಅಂಚಿಗೇ ಎದ್ದು ನಿಂತ ಬಣ್ಣಬಣ್ಣದ ಮನೆಗಳ ಸಾಲು ಕಾಣುತ್ತೆ, ಕ್ಯಾಲೆಂಡರ್‌ಗಳಲ್ಲಿ ಬರೋದು ಅದೇ ಫೋಟೋ. ಈಗ ಊರಿನ ಜನಸಂಖ್ಯೆ ಸುಮಾರು 90 ಸಾವಿರ, ಯೂನಿವರ್ಸಿಟಿಯಲ್ಲಿ ಓದೋರು 28 ಸಾವಿರದ ಆಸುಪಾಸು. ಅಂದ್ರೆ ಊರಲ್ಲಿ ಯೂನಿವರ್ಸಿಟಿ ಇದೆ ಅನ್ನೋದಕ್ಕಿಂತ ಯೂನಿವರ್ಸಿಟಿ ಸುತ್ತ ಊರು ಇದೆ ಅಂದ್ರೆ ಸರಿಹೋಗುತ್ತೆ, ಅಲ್ಲಿಯವರೂ ತಮಾಷೆಗೆ ಹಂಗೇ ಹೇಳ್ಕೊಳ್ತಾರೆ.

ಯೂನಿವರ್ಸಿಟಿ ಶುರುವಾಗಿದ್ದು 1477ರಲ್ಲಿ. ಆಗ ಜರ್ಮನಿ ಅಂತ ಒಂದು ದೇಶ ಇರಲಿಲ್ಲ, ನಮ್ಮಲ್ಲಿ ಪಾಳೇಗಾರರು ಇದ್ದ ಹಾಗೆ ತುಂಡು ತುಂಡು ಸಂಸ್ಥಾನಗಳು. ವುರ್ಟೆಂಬರ್ಗ್ ಅನ್ನೋ ಸಂಸ್ಥಾನ 1442ರಲ್ಲಿ ಅಣ್ಣತಮ್ಮಂದಿರ ಪಾಲಾಗಿ ಎರಡು ಹೋಳಾಗಿತ್ತು, ಅದರಲ್ಲಿ ಒಂದು ಹೋಳನ್ನ ಆಳ್ತಿದ್ದವನು ಎಬರ್‌ಹಾರ್ಡ್ ಅನ್ನೋ ಕೌಂಟ್. ಉದ್ದ ಗಡ್ಡ ಬಿಟ್ಟಿದ್ದಕ್ಕೆ ಚರಿತ್ರೆಯಲ್ಲೂ ಅವನ ಹೆಸರು ಗಡ್ಡದ ಎಬರ್‌ಹಾರ್ಡ್ ಅಂತಲೇ ಉಳ್ಕೊಂಡಿದೆ. ಅವನ ತಾಯಿ ಮೆಖ್ಟಿಲ್ಡ್ ಓದುಬರಹದ ಹುಚ್ಚಿದ್ದ ಹೆಂಗಸು, ಆಕೆಯ ಎರಡನೇ ಗಂಡ ಆಗಲೇ 1457ರಲ್ಲಿ ಫ್ರೈಬರ್ಗ್‌ನಲ್ಲಿ ಯೂನಿವರ್ಸಿಟಿ ಕಟ್ಟಿಸಿದ್ದ. ಮಲತಂದೆ ಊರಲ್ಲಿ ಇದೆ, ನನ್ನ ಊರಲ್ಲಿ ಯಾಕಿಲ್ಲ ಅಂತ ಮಗನಿಗೆ ಅನ್ಸಿದ್ರೆ ಆಶ್ಚರ್ಯ ಇಲ್ಲ. ಆದ್ರೆ ಹಠದ ಜೊತೆ ಲೆಕ್ಕಾಚಾರವೂ ಇತ್ತು. ಸಂಸ್ಥಾನ ನಡೆಸೋಕೆ ಕಾನೂನು ಗೊತ್ತಿರೋ ಗುಮಾಸ್ತರು ಬೇಕು, ಪಾದ್ರಿಗಳು ಬೇಕು, ಪ್ರತಿಸಲ ಹೊರಗಿಂದ ಕರೆಸೋಕಾಗುತ್ತಾ.

ದುಡ್ಡು ಎಲ್ಲಿಂದ ಬಂತು ಅನ್ನೋದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಹತ್ತಿರದಲ್ಲಿ ಸಿಂಡೆಲ್‌ಫಿಂಗನ್ ಅಂತ ಇನ್ನೊಂದು ಊರು, ಅಲ್ಲಿನ ಚರ್ಚ್‌ಗೆ ಜಮೀನು, ಗೇಣಿ, ಬೆಳೆಯ ಹತ್ತನೇ ಒಂದು ಪಾಲು ಅಂತ ಒಳ್ಳೆ ಆದಾಯ ಇತ್ತು. ಎಬರ್‌ಹಾರ್ಡ್ ಪೋಪ್ ಹತ್ರ ಪರ್ಮಿಷನ್ ತಗೊಂಡು ಆ ಆದಾಯದ ಬಹುಪಾಲನ್ನ ಟ್ಯೂಬಿಂಗನ್‌ಗೆ ಎತ್ತಿಕೊಂಡು ಬಂದ. ಚರ್ಚ್‌ನ ಆ ಹುದ್ದೆಗಳನ್ನೇ ಪ್ರೊಫೆಸರ್‌ಗಳಿಗೆ ಕೊಟ್ಟ, ಸಂಬಳದ ಚಿಂತೆ ಮುಗೀತು. ದೇವಸ್ಥಾನದ ಇನಾಂ ಭೂಮಿ ಆದಾಯದಲ್ಲಿ ಕಾಲೇಜು ಮೇಷ್ಟ್ರುಗಳಿಗೆ ಸಂಬಳ ಕೊಟ್ಟ ಹಾಗೆ ಅಂದ್ಕೊಳ್ಳಿ. ಪಾಪ ಸಿಂಡೆಲ್‌ಫಿಂಗನ್‌ಗೆ ಏನೂ ಉಳೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, 1915ರಲ್ಲಿ ಅಲ್ಲಿಗೆ ಡೈಮ್ಲರ್ ಫ್ಯಾಕ್ಟರಿ ಬಂತು, ಈಗ ಮರ್ಸಿಡಿಸ್ ಕಾರು ತಯಾರಾಗೋದು ಅಲ್ಲೇ. ಎಬರ್‌ಹಾರ್ಡ್‌ನ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ ‘ಅಟೆಂಪ್ಟೋ’, ಅಂದ್ರೆ ‘ಕೈ ಹಾಕಿ ನೋಡ್ತೀನಿ’. ಇನ್ನೊಂದು ಊರಿನ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ್ದೂ ಅದರಲ್ಲೇ ಬರುತ್ತೇನೋ.

1477ರ ಅಕ್ಟೋಬರ್‌ನಲ್ಲಿ ಅವನು ಯೂನಿವರ್ಸಿಟಿಗೆ ಒಂದು ಸನ್ನದು ಬರೆದುಕೊಟ್ಟ. ಅದರ ಪ್ರಕಾರ ಸ್ಟೂಡೆಂಟ್‌ಗಳು, ಪ್ರೊಫೆಸರ್‌ಗಳು, ಅವರ ಮನೆಯವರು, ಇವರು ಯಾರ ಮೇಲೂ ಊರಿನ ನ್ಯಾಯಾಧೀಶನ ಅಧಿಕಾರ ನಡೆಯಲ್ಲ, ತಪ್ಪು ಮಾಡಿದ್ರೆ ಯೂನಿವರ್ಸಿಟಿಯದೇ ಕೋರ್ಟು, ಯೂನಿವರ್ಸಿಟಿಯದೇ ಜೈಲು. ಆ ಜೈಲನ್ನ ಕಾರ್ಟ್ಸರ್ ಅಂತಾರೆ, 1515ರಿಂದ 1845ರವರೆಗೂ ನಡೀತು, ಕುಡಿದು ಗಲಾಟೆ ಮಾಡಿದವ್ರು, ಸಾಲ ತೀರಿಸದವ್ರು, ಕತ್ತಿ ಕಾಳಗ ಆಡಿದವ್ರು ಎಲ್ಲ ಅಲ್ಲಿ ಒಂದೆರಡು ವಾರ ಕೂತು ಗೋಡೆ ಮೇಲೆ ಚಿತ್ರ ಬರೆದು ಹೋಗಿದ್ದಾರೆ, ಈಗಲೂ ಅದನ್ನ ಟಿಕೆಟ್ ಕೊಟ್ಟು ನೋಡ್ಬಹುದು. ಒಂದೇ ಬೀದಿಯಲ್ಲಿ ಇಬ್ಬರು ಹೊಡೆದಾಡಿದ್ರೆ ಒಬ್ಬನಿಗೆ ಒಂದು ಕಾನೂನು ಇನ್ನೊಬ್ಬನಿಗೆ ಇನ್ನೊಂದು, ಇಂಥ ಊರಲ್ಲಿ ಸ್ಟೂಡೆಂಟ್‌ಗಳಿಗೂ ಊರಿನವರಿಗೂ ಸ್ನೇಹ ಹೆಂಗೆ ಬೆಳೆಯುತ್ತೆ ನೀವೇ ಹೇಳಿ. ಅದೇ ಸನ್ನದಲ್ಲಿ ಇನ್ನೊಂದು ಸಾಲೂ ಇದೆ, ಯಹೂದಿಗಳು ಈ ಊರಲ್ಲಿ ಇರಕೂಡದು ಅಂತ. ಯೂನಿವರ್ಸಿಟಿ ಹುಟ್ಟಿದ ಕಾಗದದಲ್ಲೇ ಒಂದು ಜನಾಂಗವನ್ನ ಹೊರಗೆ ಹಾಕಿದ ಆದೇಶ. ಇದನ್ನ ಇಲ್ಲಿಗೆ ನೆನಪಿಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಊರು ಎರಡಾಗಿ ಒಡೆದಿದ್ದು ಹೀಗೆ. ಕೋಟೆ, ದೊಡ್ಡ ಚರ್ಚು, ಮಾರ್ಕೆಟ್ಟು ಇರೋ ಮೇಲಿನ ಪೇಟೆ ಪ್ರೊಫೆಸರ್‌ಗಳದ್ದು, ವಕೀಲರದ್ದು, ಪುಸ್ತಕದಂಗಡಿಯವರದ್ದು. ಅಮ್ಮರ್ ಹೊಳೆ ಕಡೆಯ ಕೆಳಗಿನ ಪೇಟೆ ದ್ರಾಕ್ಷಿ ಬೆಳೆಯೋ ರೈತರದ್ದು. ಆ ರೈತರನ್ನ ಗೋಗನ್ ಅಂತ ಕರೀತಿದ್ರು, ಮೊದಲು ಬೈಗುಳ, ಈಗ ಅವರ ಮೊಮ್ಮಕ್ಕಳಿಗೆ ಅದೇ ಹೆಮ್ಮೆಯ ಬಿರುದು. ಗೋಗನ್ ಜೋಕುಗಳು ಅಂತಲೇ ಒಂದು ಪ್ರಕಾರ ಇದೆ: ಒರಟು ಭಾಷೆ, ಕಡಿಮೆ ಮಾತು, ಓದಿದವನು ಏನೋ ದೊಡ್ಡದಾಗಿ ಕೇಳ್ತಾನೆ, ರೈತ ಒಂದೇ ವಾಕ್ಯದಲ್ಲಿ ಅವನ ಬಾಯಿ ಮುಚ್ಚಿಸ್ತಾನೆ. ನಮ್ಮ ಕಡೆ ಹಳ್ಳಿ ಅಜ್ಜಂದಿರ ಬಾಯಿಗೆ ಸಿಕ್ಕವ್ರಿಗೆ ಇದರ ರುಚಿ ಗೊತ್ತಿರುತ್ತೆ. ನದಿಯಲ್ಲೂ ಇದೇ ಜಗಳ. ಕಪ್ಪು ಕಾಡಿನ ಕಡೆಯಿಂದ ಮರದ ದಿಮ್ಮಿಗಳನ್ನ ತೆಪ್ಪ ಕಟ್ಟಿ ನೆಕಾರ್ ಮೇಲೆ ತೇಲಿಸ್ಕೊಂಡು ಬರ್ತಿದ್ರು, ಅವು ಊರ ಮುಂದೆ ಹಾದುಹೋಗೋವಾಗ ಸ್ಟೂಡೆಂಟ್‌ಗಳು ಕಿಟಕಿಗಳಲ್ಲಿ, ಸೇತುವೆ ಮೇಲೆ ನಿಂತು ‘ಯೋಕೆಲೆ, ಶ್ಪೆರ್!’ ಅಂತ ಕೂಗೋರು, ‘ಏ ಯೋಕೆಲೆ, ಬ್ರೇಕ್ ಹಾಕೋ’ ಅನ್ನೋ ಅರ್ಥದಲ್ಲಿ, ತೆಪ್ಪದವ್ರು ಅದಕ್ಕಿಂತ ಹೊಲಸು ಮಾತಲ್ಲಿ ವಾಪಸ್ ಕೊಡೋರು. 1899ರಲ್ಲಿ ತೆಪ್ಪಗಳು ನಿಂತವು, ರೈಲು ಅವುಗಳ ಕೆಲಸ ಕಿತ್ಕೊಂಡಿತ್ತು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಟ್ಯೂಬಿಂಗನ್ ಯಾಕೆ ಟ್ಯೂಬಿಂಗನ್ ಆಯ್ತು ಅಂದ್ರೆ ನನ್ನ ಪ್ರಕಾರ ಉತ್ತರ ಯೂನಿವರ್ಸಿಟಿ ಅಲ್ಲ, ಒಂದು ಫ್ರೀ ಹಾಸ್ಟೆಲ್.

1534ರಲ್ಲಿ ವುರ್ಟೆಂಬರ್ಗ್ ಪೋಪ್‌ನ ಕ್ಯಾಥೊಲಿಕ್ ದಾರಿ ಬಿಟ್ಟು ಲೂಥರ್‌ನ ಪ್ರಾಟೆಸ್ಟೆಂಟ್ ಪಂಥಕ್ಕೆ ಬದಲಾಯ್ತು. ರಾತ್ರೋರಾತ್ರಿ ಹಳೇ ಪಾದ್ರಿಗಳು ಬೇಡವಾದ್ರು, ಹೊಸ ಥರದ ಓದಿದ ಪಾದ್ರಿಗಳು ಹಳ್ಳಿಹಳ್ಳಿಗೂ ಬೇಕಾದ್ರು. ಡ್ಯೂಕ್ ಉಲ್ರಿಖ್ 1536ರಲ್ಲಿ ಒಂದು ವ್ಯವಸ್ಥೆ ಮಾಡಿದ, ಜಾಣ ಹುಡುಗರಿಗೆ ಊಟ, ವಸತಿ, ಓದು ಎಲ್ಲ ಸರ್ಕಾರದ್ದು, ಓದು ಮುಗಿದ ಮೇಲೆ ಸಂಸ್ಥಾನದಲ್ಲೇ ಕೆಲಸ ಮಾಡ್ಬೇಕು. ಇದೇ ಸ್ಟಿಫ್ಟ್. ಸ್ವಲ್ಪ ವರ್ಷ ಆದ್ಮೇಲೆ ನದಿ ಪಕ್ಕದ ಹಳೇ ಅಗಸ್ಟಿನ್ ಮಠದ ಕಟ್ಟಡಕ್ಕೆ ಬಂತು, ಈಗಲೂ ಅಲ್ಲೇ ಇದೆ. ಕಾಲಕ್ರಮೇಣ ಇದಕ್ಕೆ ಕೆಳಗಿಂದ ಮೆಟ್ಟಿಲುಗಳೂ ಬಂದ್ವು. ಹದಿನಾಲ್ಕರ ವಯಸ್ಸಲ್ಲಿ ಲಾಂಡ್‌ಎಕ್ಸಾಮನ್ ಅಂತ ರಾಜ್ಯಮಟ್ಟದ ಪರೀಕ್ಷೆ, ಸಿಇಟಿ ಥರ ಅಂದ್ಕೊಳ್ಳಿ, ಅದರಲ್ಲಿ ಪಾಸಾದ ಕೆಲವೇ ಹುಡುಗರಿಗೆ ಮೌಲ್‌ಬ್ರೋನ್, ಬ್ಲೌಬೊಯ್ರನ್ ಥರದ ಹಳೇ ಮಠಗಳಲ್ಲಿ ನಡೆಯೋ ಶಾಲೆಯಲ್ಲಿ ಸೀಟು, ಅಲ್ಲಿ ಗ್ರೀಕ್, ಲ್ಯಾಟಿನ್, ಹೀಬ್ರೂ ಅರೆದು ಕುಡಿಸೋರು, ಅಲ್ಲಿಂದ ನೇರ ಸ್ಟಿಫ್ಟ್. ಸಿದ್ಧಗಂಗೆಯಂಥ ಜಾಗದಲ್ಲಿ ಊಟ ಮಾಡಿ ಓದಿದವ್ರನ್ನ ಕಂಡಿದ್ರೆ ಫ್ರೀ ಊಟ ಮತ್ತು ಬೆಡ್ಡು ಒಬ್ಬ ಬಡ ಹುಡುಗನಿಗೆ ಏನು ಅನ್ನೋದನ್ನ ನಾನು ವಿವರಿಸಬೇಕಾಗಿಲ್ಲ. ಒಂದು ವ್ಯತ್ಯಾಸ ಅಂದ್ರೆ ಇಲ್ಲಿ ಬಾಂಡ್ ಬರೆಸ್ಕೊಳ್ತಿದ್ರು.

ಪರೀಕ್ಷೆ, ಶಾಲೆ, ಸ್ಟಿಫ್ಟ್ ಅನ್ನೋ ಈ ಕನ್ವೇಯರ್ ಬೆಲ್ಟ್ ಮೇಲೆ ಬಂದವರಲ್ಲಿ ಒಬ್ಬರು ಯೊಹಾನೆಸ್ ಕೆಪ್ಲರ್. 1571ರಲ್ಲಿ ಹುಟ್ಟಿದ್ದು, ಬಡತನ, ಅಪ್ಪ ಕೂಲಿ ಸೈನಿಕ, ಮನೆ ಬಿಟ್ಟು ಹೋದವನು. 1589ರಲ್ಲಿ ಸ್ಟಿಫ್ಟ್‌ಗೆ ಬಂದಿದ್ದು ಪಾದ್ರಿ ಆಗೋಕೆ. ಅಲ್ಲಿ ಗಣಿತದ ಮೇಷ್ಟ್ರು ಮಿಖಾಯೆಲ್ ಮೆಸ್ಟ್‌ಲಿನ್, ಕ್ಲಾಸಲ್ಲಿ ಹಳೇ ಟಾಲೆಮಿ ಪಾಠ ಮಾಡೋರು, ಅಂದ್ರೆ ಭೂಮಿ ಮಧ್ಯದಲ್ಲಿದೆ ಅಂತ, ಆದ್ರೆ ಚುರುಕಾದ ಹುಡುಗರಿಗೆ ಬೇರೆಯಾಗಿ ಕೂರಿಸಿಕೊಂಡು ಕೋಪರ್ನಿಕಸ್ ಹೇಳ್ಕೊಡೋರು. ಸಿಲಬಸ್ ಒಂದು, ಟ್ಯೂಷನ್ ಇನ್ನೊಂದು. ಕೆಪ್ಲರ್ ತಲೆ ಕೆಟ್ಟಿದ್ದೇ ಅಲ್ಲಿ. ಇನ್ನೂ ಓದು ಮುಗಿದಿರಲಿಲ್ಲ, 1594ರಲ್ಲಿ ಗ್ರಾಟ್ಸ್ ಅನ್ನೋ ಊರಿನ ಸ್ಕೂಲಿಗೆ ಗಣಿತದ ಮೇಷ್ಟ್ರು ಬೇಕು ಅಂತ ಕೇಳಿದ್ರು, ಯೂನಿವರ್ಸಿಟಿಯವ್ರು ಇವರನ್ನ ಕಳಿಸಿದ್ರು. ಅವರ ಮೊದಲ ಪುಸ್ತಕ 1596ರಲ್ಲಿ ಟ್ಯೂಬಿಂಗನ್‌ನಲ್ಲೇ ಪ್ರಿಂಟಾಯ್ತು. ಆಮೇಲೆ ಎಷ್ಟು ಸಲ ಬಯಸಿದ್ರೂ ತಾನು ಓದಿದ ಯೂನಿವರ್ಸಿಟಿಯಲ್ಲಿ ಕೆಪ್ಲರ್‌ಗೆ ಕೆಲಸ ಸಿಗಲಿಲ್ಲ, ಧರ್ಮದ ವಿಷಯದಲ್ಲಿ ಇವರು ಪೂರ್ತಿ ನಮ್ಮ ದಾರಿಯಲ್ಲಿಲ್ಲ ಅನ್ನೋ ಅನುಮಾನ. ಇದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. ಅವರ ವಯಸ್ಸಾದ ತಾಯಿ ಕಥರೀನಾ ಮೇಲೆ ಮಾಟಗಾತಿ ಅಂತ ಕೇಸ್ ಹಾಕಿದ್ರು, ಆಕೆಯನ್ನ ತಿಂಗಳುಗಟ್ಟಲೆ ಸರಪಳಿಯಲ್ಲಿ ಇಟ್ರು, ಕೆಪ್ಲರ್ ತನ್ನ ಕೆಲಸ ಬಿಟ್ಟು ಬಂದು ತಾವೇ ವಾದ ಬರೆದ್ರು. ಕೊನೆಗೆ ಆ ಕಾಗದಪತ್ರ ಎಲ್ಲ ಅಭಿಪ್ರಾಯಕ್ಕೆ ಅಂತ ಹೋಗಿದ್ದು ಟ್ಯೂಬಿಂಗನ್‌ನ ಕಾನೂನು ವಿಭಾಗಕ್ಕೆ. ಅವರು ಹೇಳಿದ್ದು, ಹಿಂಸೆ ಕೊಡಬೇಡಿ, ಹಿಂಸೆಯ ಸಾಮಾನು ತೋರಿಸಿ ಹೆದರಿಸಿ ನೋಡಿ ಅಂತ. 1621ರಲ್ಲಿ ತೋರಿಸಿದ್ರು. ಮುದುಕಿ ಜಗ್ಗಲಿಲ್ಲ, ಬಿಡುಗಡೆ ಆಯ್ತು, ಮುಂದಿನ ವರ್ಷ ತೀರಿಕೊಂಡಳು.

ಇದೇ ಹೊತ್ತಿಗೆ, 1623ರಲ್ಲಿ, ಟ್ಯೂಬಿಂಗನ್‌ನ ಹೀಬ್ರೂ ಪ್ರೊಫೆಸರ್ ವಿಲ್ಹೆಲ್ಮ್ ಶಿಕಾರ್ಡ್ ಕೂಡಿಸಿ ಕಳೆಯೋ ಒಂದು ಯಂತ್ರ ಮಾಡಿ ಕೆಪ್ಲರ್‌ಗೆ ಕಾಗದ ಬರೆದಿದ್ರು, ನಿಮ್ಮ ಲೆಕ್ಕಗಳಿಗೆ ಅನುಕೂಲ ಆಗುತ್ತೆ ಅಂತ. ಯಂತ್ರ ಉಳೀಲಿಲ್ಲ, ಕಾಗದ ಉಳೀತು, ಆ ಕಾಗದದ ಚಿತ್ರ ನೋಡ್ಕೊಂಡೇ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದಾರೆ. ಇಂಥದೇ ಯಂತ್ರ ಮಾಡಿದ ಫ್ರಾನ್ಸಿನ ಪಾಸ್ಕಲ್‌ಗಿಂತ ಮುಂಚೆ. ಹೀಬ್ರೂ ಮೇಷ್ಟ್ರು ಕ್ಯಾಲ್ಕುಲೇಟರ್ ಮಾಡೋದು ಏನು ಅಂತ ನಗಬೇಡಿ, ಸಣ್ಣ ಊರಿನ ಲಾಭವೇ ಅದು, ಎಲ್ಲರೂ ಎಲ್ಲರ ಮನೆ ಪಕ್ಕದಲ್ಲೇ ಇರ್ತಾರೆ.

ಸ್ಟಿಫ್ಟ್‌ನ ಎಲ್ಲರಿಗಿಂತ ಫೇಮಸ್ ರೂಮು 1790ರದ್ದು. ಹೆಗೆಲ್, ಕವಿ ಹೋಲ್ಡರ್‌ಲಿನ್ ಇಬ್ಬರೂ 1770ರಲ್ಲಿ ಹುಟ್ಟಿದವ್ರು, 1788ರಲ್ಲಿ ಸೇರಿದ್ರು. ಮುಂದೆ ತತ್ವಜ್ಞಾನಿ ಆದ ಶೆಲ್ಲಿಂಗ್ ಐದು ವರ್ಷ ಚಿಕ್ಕವನು, ಹದಿನೈದಕ್ಕೇ ಸ್ಪೆಷಲ್ ಪರ್ಮಿಷನ್‌ನಲ್ಲಿ ಬಂದ. ಮೂವರೂ ಒಂದೇ ರೂಮಲ್ಲಿ. ಆ ಕಡೆ ಪ್ಯಾರಿಸ್‌ನಲ್ಲಿ ಕ್ರಾಂತಿ ನಡೀತಿದೆ, ಈ ಕಡೆ ಇವರಿಗೆ ಬೆಳಗ್ಗೆ ಎದ್ದರೆ ಪ್ರಾರ್ಥನೆ, ಕಪ್ಪು ನಿಲುವಂಗಿ, ತಪ್ಪಿಗೆ ವೈನ್ ಕಟ್. ಹೊಟ್ಟೆ ತುಂಬಿದೆ, ಗ್ರೀಕ್ ಬರುತ್ತೆ, ವಾದ ಮಾಡೋಕೆ ಪಕ್ಕದ ಬೆಡ್ಡಲ್ಲೇ ಜನ ಇದ್ದಾರೆ, ಮೇಲೆ ಹೇಳೋದೆಲ್ಲ ನಂಬಬೇಕು ಅಂತ ಒತ್ತಡ ಬೇರೆ. ಪಾದ್ರಿಗಳನ್ನ ತಯಾರು ಮಾಡೋಕೆ ಇಟ್ಟ ಹಾಸ್ಟೆಲ್‌ನಿಂದ ಜರ್ಮನ್ ತತ್ವಶಾಸ್ತ್ರ ಹೊರಗೆ ಬಂದಿದ್ದು ಇಂಥ ವಾತಾವರಣದಿಂದ. ಮೂವರಲ್ಲಿ ಒಬ್ಬರೂ ಪಾದ್ರಿ ಆಗಲಿಲ್ಲ.

ಹೋಲ್ಡರ್‌ಲಿನ್ ಮಾತ್ರ ಇದೇ ಊರಿಗೆ ವಾಪಸ್ ಬಂದ್ರು, ಬರೋ ಹಾಗಾಯ್ತು ಅನ್ಬೇಕು. 1806ರಲ್ಲಿ ಬುದ್ಧಿ ಸ್ಥಿಮಿತ ತಪ್ಪಿದೆ ಅಂತ ಅವರನ್ನ ಟ್ಯೂಬಿಂಗನ್‌ನ ಆಸ್ಪತ್ರೆಗೆ ಸೇರಿಸಿದ್ರು. ಆ ಆಸ್ಪತ್ರೆ ಇದ್ದಿದ್ದು ಬುರ್ಸ ಅನ್ನೋ ಕಟ್ಟಡದಲ್ಲಿ, ಅದು ಯೂನಿವರ್ಸಿಟಿಯ ಮೊಟ್ಟಮೊದಲ ಹಾಸ್ಟೆಲ್ ಆಗಿತ್ತು, ಅಂದ್ರೆ ತಾವು ಓದಿದ ಜಾಗದಿಂದ ಕೆಲವೇ ಹೆಜ್ಜೆ. ಇನ್ನು ಹೆಚ್ಚಂದ್ರೆ ಮೂರು ವರ್ಷ ಬದುಕಬಹುದು ಅಂತ ಹೇಳಿ 1807ರಲ್ಲಿ ಹೊರಗೆ ಕಳಿಸಿದ್ರು. ಪಕ್ಕದಲ್ಲೇ ನದಿಗೆ ಅಂಟಿಕೊಂಡ ಮನೆಯ ಬಡಗಿ ಅರ್ನ್‌ಸ್ಟ್ ಟ್ಸಿಮ್ಮರ್, ಆತ ಹೋಲ್ಡರ್‌ಲಿನ್ ಬರೆದ ಕಾದಂಬರಿ ಓದಿ ಮೆಚ್ಚಿದವನು, ನಾನು ನೋಡ್ಕೊಳ್ತೀನಿ ಅಂತ ಕರ್ಕೊಂಡು ಹೋದ. ಮೂರು ವರ್ಷ ಅಂದಿದ್ದು 36 ವರ್ಷ ಆಯ್ತು. ಆ ಗುಂಡನೆ ಗೋಪುರದ ರೂಮಲ್ಲಿ ಪಿಯಾನೋ ನುಡಿಸ್ತಾ, ಕಿಟಕಿಯಿಂದ ನೆಕಾರ್ ನೋಡ್ತಾ, ಯಾರಾದ್ರೂ ಕೇಳಿದ್ರೆ ನಾಲ್ಕು ಸಾಲು ಪದ್ಯ ಬರೆದು ಕೆಳಗೆ ‘ಸ್ಕಾರ್ಡನೆಲ್ಲಿ’ ಅಂತ ಯಾರದೋ ಹೆಸರು, ಯಾವುದೋ ಶತಮಾನದ ತಾರೀಕು ಹಾಕಿ ಕೊಡೋರು. ಟ್ಸಿಮ್ಮರ್ 1838ರಲ್ಲಿ ತೀರಿಕೊಂಡ ಮೇಲೆ ಮಗಳು ಲೋಟೆ ನೋಡ್ಕೊಂಡಳು, 1843ರವರೆಗೆ. ದೊಡ್ಡ ದೊಡ್ಡ ಪ್ರೊಫೆಸರ್‌ಗಳಿದ್ದ ಊರಲ್ಲಿ ಜರ್ಮನ್ ಭಾಷೆಯ ಅಷ್ಟು ದೊಡ್ಡ ಕವಿಯನ್ನ ಸಾಕಿದ್ದು ಒಂದು ಬಡಗಿ ಮನೆ.

ಈಗ ಮಂಗಳೂರು. ಹಾಸ್ಟೆಲ್ ಬೆಲ್ಟ್‌ನದೊಂದು ತೊಂದರೆ ಇತ್ತು, ಥಿಯಾಲಜಿ ಅಂದ್ರೆ ಧರ್ಮಶಾಸ್ತ್ರ ಓದಿದವ್ರು ಜಾಸ್ತಿ, ಪಾದ್ರಿ ಪೋಸ್ಟ್ ಕಡಿಮೆ. ನಮ್ಮ ಇಂಜಿನಿಯರಿಂಗ್ ಕಥೆನೇ. ಪೋಸ್ಟ್ ಖಾಲಿ ಆಗೋವರೆಗೂ ವರ್ಷಗಟ್ಟಲೆ ಶ್ರೀಮಂತರ ಮನೆ ಮಕ್ಕಳಿಗೆ ಪಾಠ ಹೇಳ್ಕೊಂಡು ಇರ್ಬೇಕಿತ್ತು, ಹೆಗೆಲ್ ಹೋಲ್ಡರ್‌ಲಿನ್ ಇಬ್ಬರೂ ಮಾಡಿದ್ದು ಇದೇ ಕೆಲಸ. ಇನ್ನೊಂದು ಕಡೆ ವುರ್ಟೆಂಬರ್ಗ್ ಹಳ್ಳಿಗಳಲ್ಲಿ ಪಯಟಿಸಂ ಅನ್ನೋ ಭಕ್ತಿಪಂಥ ಬಲವಾಗಿ ಬೇರು ಬಿಟ್ಟಿತ್ತು, ಮನೆಮನೆಯಲ್ಲಿ ಬೈಬಲ್ ಓದು, ಪ್ರಾರ್ಥನಾ ಕೂಟ. ಈ ಭಕ್ತಿಯ ದುಡ್ಡು ಮತ್ತು ಜನ ಎರಡನ್ನೂ ಸೇರಿಸಿ 1815ರಲ್ಲಿ ಪಕ್ಕದ ಸ್ವಿಟ್ಜರ್‌ಲೆಂಡ್‌ನಲ್ಲಿ ಬಾಸೆಲ್ ಮಿಷನ್ ಅನ್ನೋ ಮತ ಪ್ರಚಾರ ಸಂಸ್ಥೆ ಶುರುವಾಯ್ತು, 1834ರಲ್ಲಿ ಅವರ ಮೊದಲ ಮೂವರು ಮಂಗಳೂರಿಗೆ ಬಂದ್ರು. ಮಂಗಳೂರು ಹೆಂಚು ಗೊತ್ತಲ್ಲ, ಅದೇ ಮಿಷನ್. ಅವರಲ್ಲಿ ಬಹಳಷ್ಟು ಜನ ಕುಶಲಕರ್ಮಿಗಳು, ರೈತರ ಮಕ್ಕಳು, ಬಾಸೆಲ್‌ನಲ್ಲೇ ಟ್ರೈನಿಂಗ್ ಆದವ್ರು. ಯೂನಿವರ್ಸಿಟಿ ಓದಿ ಬಂದವ್ರು ಬೆರಳೆಣಿಕೆ, ಅದರಲ್ಲಿ ಇಬ್ಬರು ಟ್ಯೂಬಿಂಗನ್‌ನವರು, ಮೋಗ್ಲಿಂಗ್ ಮತ್ತೆ ಗುಂಡರ್ಟ್.

ಇದರಿಂದ ಏನು ವ್ಯತ್ಯಾಸ ಆಯ್ತು ಅಂದ್ರೆ, ಟ್ಯೂಬಿಂಗನ್ ಆಗ ಹಳೇ ಪುಸ್ತಕಗಳನ್ನ ಒರೆಗೆ ಹಚ್ಚಿ ಓದೋ ಊರು. 1835ರಲ್ಲಿ ಸ್ಟಿಫ್ಟ್‌ನ ಒಬ್ಬ ಯುವ ಮೇಷ್ಟ್ರು ಡೇವಿಡ್ ಸ್ಟ್ರೌಸ್, ಏಸುವಿನ ಚರಿತ್ರೆಯನ್ನ ಪುರಾಣ ವಿಮರ್ಶೆ ಮಾಡೋ ಹಾಗೆ ಬರೆದು ಕೆಲಸ ಕಳ್ಕೊಂಡ್ರು, ಗುಂಡರ್ಟ್ ಅವರ ಸ್ಟೂಡೆಂಟ್. ಕವಿ ಊಲಾಂಡ್ ಅದೇ ಊರಿನವರು, 1830ರ ಆಸುಪಾಸಲ್ಲಿ ಅಲ್ಲೇ ಪ್ರೊಫೆಸರ್, ಜನಪದ ಹಾಡುಗಳನ್ನ ಹುಡುಕಿ ಹುಡುಕಿ ಜೋಡಿಸ್ತಿದ್ರು. ಇಂಥ ಊರಲ್ಲಿ ಓದಿ 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗ್ 1843ರ ಜುಲೈ 1ಕ್ಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ್ರು, ಕಲ್ಲಚ್ಚಲ್ಲಿ. ಆಮೇಲೆ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಅಂತ ಹಳೇ ಕನ್ನಡ ಕೃತಿಗಳ ಮಾಲೆ, ಜೈಮಿನಿ ಭಾರತ, ಬಸವ ಪುರಾಣ, ಜೊತೆಗೆ ದಾಸರ ಪದಗಳು. ಪುರಂದರದಾಸರ ಪದ ಮೊದಲು ಅಚ್ಚಿನ ಮುಖ ಕಂಡಿದ್ದು ಹಿಂಗೆ. ಅವರು ಬಂದಿದ್ದು ಮತ ಪ್ರಚಾರಕ್ಕೆ, ಅದರಲ್ಲಿ ಸಂಶಯ ಬೇಡ, ಮುಚ್ಚಿಡೋ ವಿಷಯವೂ ಅಲ್ಲ. ಆದ್ರೆ ಒಂದು ಪದ್ಯಕ್ಕೆ ನಾಲ್ಕು ಹಸ್ತಪ್ರತಿ ಇದ್ರೆ ನಾಲ್ಕನ್ನೂ ಮುಂದಿಟ್ಕೊಂಡು ಕೂರೋ ಅಭ್ಯಾಸ ಮತ ಕೊಟ್ಟಿದ್ದಲ್ಲ, ಆ ಊರು ಕೊಟ್ಟಿದ್ದು. 1858ರಲ್ಲಿ ಟ್ಯೂಬಿಂಗನ್ ಮೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ತು.

ಬೆಲ್ಟ್‌ನಿಂದ ಕೆಳಗೆ ಬಿದ್ದವ್ರ ಕಥೆನೂ ಒಂದಿದೆ. ಗುಂಡರ್ಟ್ ಅವರ ಮಗಳು ಮೇರಿ ಹುಟ್ಟಿದ್ದು ತಲಶೇರಿಯಲ್ಲಿ, ಆಕೆಯ ಮಗ ಸಾಹಿತಿ ಹರ್ಮನ್ ಹೆಸ್ಸೆ. ಹುಡುಗ 1891ರಲ್ಲಿ ಲಾಂಡ್‌ಎಕ್ಸಾಮನ್ ಪಾಸಾದ, ಮೌಲ್‌ಬ್ರೋನ್‌ಗೆ ಸೇರಿದ, ಆರೇ ತಿಂಗಳಲ್ಲಿ ಓಡಿಹೋದ. ಕೊನೆಗೆ 1895ರಲ್ಲಿ ಟ್ಯೂಬಿಂಗನ್‌ಗೆ ಬಂದ, ಓದೋಕಲ್ಲ, ಹೆಕನ್‌ಹೌವರ್ ಅನ್ನೋ ಪುಸ್ತಕದಂಗಡಿಯಲ್ಲಿ ಅಪ್ರೆಂಟಿಸ್ ಆಗಿ. ತನ್ನ ವಯಸ್ಸಿನ ಸ್ಟೂಡೆಂಟ್‌ಗಳಿಗೆ ಪುಸ್ತಕ ಕಟ್ಟಿಕೊಡ್ತಾ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು, ರಾತ್ರಿ ರೂಮಲ್ಲಿ ತಾನೇ ಓದ್ಕೊಂಡ. 1946ರಲ್ಲಿ ನೊಬೆಲ್ ಬಂತು.

ಬಯಾಲಜಿ ಓದಿದವ್ರಿಗೆ ಮೇಲಿನ ಕೋಟೆ ಮುಖ್ಯ. ರಾಜರು ಬಿಟ್ಟುಹೋದ ಕೋಟೆಯನ್ನ ಯೂನಿವರ್ಸಿಟಿಗೆ ಕೊಟ್ಟಿದ್ರು, ಅದರ ಅಡುಗೆಮನೆಯಲ್ಲಿ, ನಿಜವಾಗಲೂ ಅಡುಗೆಮನೆಯಲ್ಲೇ, ಕೆಮಿಸ್ಟ್ರಿ ಲ್ಯಾಬ್. ಅಲ್ಲಿನ ಪ್ರೊಫೆಸರ್ ಹೊಪ್ಪೆ-ಝೈಲರ್, ಹಿಮೊಗ್ಲೋಬಿನ್‌ಗೆ ಆ ಹೆಸರು ಇಟ್ಟವರು. ಅವರ ಹತ್ರ ಬಾಸೆಲ್‌ನಿಂದ ಬಂದ ಫ್ರೀಡ್ರಿಖ್ ಮೀಶರ್ ಅನ್ನೋ ಹುಡುಗ, 1869ರಲ್ಲಿ ಊರಿನ ಆಸ್ಪತ್ರೆಯಿಂದ ಕೀವು ತುಂಬಿದ ಬ್ಯಾಂಡೇಜ್ ತರಿಸ್ಕೊಂಡು, ತೊಳೆದು, ಬಿಳಿ ರಕ್ತಕಣಗಳ ಒಳಗಿನ ನ್ಯೂಕ್ಲಿಯಸ್ ಬೇರೆ ಮಾಡಿ ನೋಡ್ದಾಗ ಪ್ರೋಟೀನ್ ಅಲ್ಲದ, ರಂಜಕ ಜಾಸ್ತಿ ಇರೋ ಒಂದು ವಸ್ತು ಸಿಕ್ತು. ನ್ಯೂಕ್ಲೀನ್ ಅಂತ ಕರೆದ, ನಾವೀಗ ಅನ್ನೋದು ಡಿಎನ್‌ಎ. ಪ್ರೊಫೆಸರ್‌ಗೆ ನಂಬಿಕೆ ಬರಲಿಲ್ಲ, ತಾವೇ ಎಲ್ಲ ಮತ್ತೆ ಮಾಡಿ ನೋಡಿ ಆಮೇಲೆ 1871ರಲ್ಲಿ ಪ್ರಕಟಿಸಿದ್ರು. ಆ ಕಮಾನಿನ ಅಡುಗೆಮನೆ ಈಗ ಮ್ಯೂಸಿಯಂ.

ಹಿಂದೆ ನೆನಪಿಟ್ಕೊಳ್ಳಿ ಅಂದಿದ್ದೆ. 1933ರಲ್ಲಿ ನಾಜಿಗಳು ಬಂದು ಯೂನಿವರ್ಸಿಟಿಗಳಿಂದ ಯಹೂದಿ ಮೇಷ್ಟ್ರುಗಳನ್ನ ತೆಗೆದು ಹಾಕಿದಾಗ ಟ್ಯೂಬಿಂಗನ್‌ನಲ್ಲಿ ತೆಗೆಯೋಕೆ ಹೆಚ್ಚು ಜನ ಇರಲೇ ಇಲ್ಲ, ಯಾಕಂದ್ರೆ ಮೊದಲಿಂದಲೂ ಅವರನ್ನ ತಗೊಂಡಿದ್ದೇ ಕಡಿಮೆ. ಹಾಗೆ ಕೆಲಸ ಕಳ್ಕೊಂಡ ಕೆಲವರಲ್ಲಿ ಒಬ್ಬರು ಹಾನ್ಸ್ ಬೆಥೆ, 26ರ ಹುಡುಗ, ನಕ್ಷತ್ರಗಳು ಹೆಂಗೆ ಉರಿಯುತ್ತವೆ ಅಂತ ವಿವರಿಸಿ 1967ರಲ್ಲಿ ನೊಬೆಲ್ ತಗೊಂಡವ್ರು, ಅಮೆರಿಕಾದಲ್ಲಿ. 1938ರ ನವೆಂಬರ್‌ನಲ್ಲಿ ಊರಿನ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ಸುಟ್ಟುಹಾಕಿದ್ರು. ಪೂರ್ವ ಯುರೋಪಲ್ಲಿ ಸಾವಿರಾರು ಯಹೂದಿಗಳನ್ನ ಸಾಲಾಗಿ ನಿಲ್ಲಿಸಿ ಕೊಂದ ತಂಡಗಳ ಕಮಾಂಡರ್‌ಗಳಲ್ಲಿ ಟ್ಯೂಬಿಂಗನ್‌ನಲ್ಲಿ ಕಾನೂನು ಓದಿದವ್ರು ಇದ್ದಾರೆ. ಇಷ್ಟು ಚಂದದ ಊರು, ಇಷ್ಟು ಓದಿದ ಜನ ಅಂತ ಮರುಳಾಗೋ ಹೊತ್ತಿಗೆ ನಾನು ಈ ವಿಷಯ ಒಂದು ಸಲ ನೆನಪು ಮಾಡ್ಕೊಳ್ತೀನಿ.

ಯುದ್ಧದಲ್ಲಿ ಊರು ಹೆಚ್ಚು ಕೆಡಲಿಲ್ಲ. ದೊಡ್ಡ ಫ್ಯಾಕ್ಟರಿ ಇಲ್ಲ, ಗಾಯಾಳುಗಳು ತುಂಬಿದ ಆಸ್ಪತ್ರೆಗಳು ಇದ್ವು, ಬಾಂಬ್ ಬಿದ್ದಿದ್ದು ಕಡಿಮೆ, 1945ರ ಏಪ್ರಿಲ್‌ನಲ್ಲಿ ಫ್ರೆಂಚ್ ಸೈನ್ಯಕ್ಕೆ ಕಾದಾಟ ಇಲ್ಲದೆ ಸಿಕ್ತು. ಅದ್ಕೇ ಸ್ಟುಟ್‌ಗಾರ್ಟ್‌ನಲ್ಲಿ ಕಾಣಿಸದ ಹಳೇ ಮರದ ಚೌಕಟ್ಟಿನ ಮನೆಗಳು ಇಲ್ಲಿ ಹಾಗೇ ನಿಂತಿವೆ. ಉದ್ಯಮ ಬರಲಿಲ್ಲ ಅಂತ 19ನೇ ಶತಮಾನದಲ್ಲಿ ಊರಿನವ್ರು ಗೊಣಗಿರಬಹುದು, ಆ ಕೊರತೆನೇ ಊರನ್ನ ಉಳಿಸ್ತು.

ಇವತ್ತಿನ ಟ್ಯೂಬಿಂಗನ್ ಬಗ್ಗೆ ಜಾಸ್ತಿ ಹೇಳಲ್ಲ. ಯೂನಿವರ್ಸಿಟಿ ಮತ್ತು ಅದರ ಆಸ್ಪತ್ರೆಗಳೇ ಊರಿಗೆ ಅನ್ನ ಹಾಕೋದು, ಈಗ ಅದರ ಜೊತೆ ಮಾಕ್ಸ್ ಪ್ಲಾಂಕ್ ಸಂಸ್ಥೆಗಳು, ಎಐ ರಿಸರ್ಚ್ ಎಲ್ಲ ಗುಡ್ಡದ ಮೇಲೆ. ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡಿ 1995ರಲ್ಲಿ ನೊಬೆಲ್ ತಗೊಂಡ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಅಲ್ಲಿನ ಮಾಕ್ಸ್ ಪ್ಲಾಂಕ್ ಸಂಸ್ಥೆಯವರು. ಬಾಡಿಗೆ ಜಾಸ್ತಿ, ರೂಮಿಗೆ ಪರದಾಟ, ಅದು ಎಲ್ಲಾ ಕಾಲೇಜು ಊರಿನ ಹಾಡು. 2022ರಿಂದ ಯೂಸ್ ಅಂಡ್ ಥ್ರೋ ಕಪ್ಪು, ಡಬ್ಬಕ್ಕೆ 50 ಸೆಂಟ್, ಚಮಚಕ್ಕೆ 20 ಸೆಂಟ್ ಅಂತ ಊರೇ ಟ್ಯಾಕ್ಸ್ ಹಾಕ್ತು, ಒಂದು ಬರ್ಗರ್ ಅಂಗಡಿ ಕೋರ್ಟಿಗೆ ಹೋಯ್ತು, ದೇಶದ ಸಂವಿಧಾನ ಕೋರ್ಟ್‌ವರೆಗೂ ಎಳೆದಾಡಿ 2025ರ ಜನವರಿಯಲ್ಲಿ ತೀರ್ಪು ಹೊರಬಿತ್ತು, ಊರೇ ಗೆದ್ದಿದೆ. ಇನ್ನು ನದಿಯಲ್ಲಿ ತೆಪ್ಪದ ಜಾಗಕ್ಕೆ ಶ್ಟೋಖರ್‌ಕಾನ್ ಅನ್ನೋ ಉದ್ದನೆ ದೋಣಿ ಬಂದಿವೆ, ಹಿಂದೆ ನಿಂತವನು ಉದ್ದದ ಗಳ ಹಾಕಿ ತಳ ಒತ್ತಿ ನಡೆಸ್ತಾನೆ, ನಮ್ಮ ಹೊಳೆ ದಾಟಿಸೋ ಅಂಬಿಗರ ಹಾಗೇ. ವರ್ಷಕ್ಕೊಂದು ಸಲ, ಜೂನ್ ಹೊತ್ತಿಗೆ ಬರೋ ಕಾರ್ಪಸ್ ಕ್ರಿಸ್ಟಿ ಅನ್ನೋ ಕ್ರೈಸ್ತ ಹಬ್ಬದ ದಿನ, ಸ್ಟೂಡೆಂಟ್ ಗುಂಪುಗಳ ದೋಣಿ ರೇಸ್ ನಡೆಯುತ್ತೆ. ಸೇತುವೆ ಕಂಬದ ಹತ್ರ ಇಕ್ಕಟ್ಟಿನ ಜಾಗದಲ್ಲಿ ಎಲ್ಲ ದೋಣಿಗಳು ಗುದ್ದಿಕೊಂಡು ಸಿಕ್ಕಿಹಾಕ್ಕೊಳ್ತವೆ, ಜನ ನೋಡೋಕೆ ಬರೋದೇ ಅದನ್ನ. ಕೊನೆಗೆ ಬಂದ ದೋಣಿಯವ್ರು ಒಬ್ಬೊಬ್ಬರೂ ಅರ್ಧ ಲೀಟರ್ ಕಾಡ್ ಮೀನಿನ ಎಣ್ಣೆ ಕುಡೀಬೇಕು, ಸಾವಿರಾರು ಜನರ ಮುಂದೆ. ಕಾರ್ಟ್ಸರ್ ಜೈಲು ಮುಚ್ಚಿದ್ದಕ್ಕೆ ಇದು ಪರ್ಯಾಯ ಇರ್ಬೇಕು ಅಂತ ನನ್ನ ಅನುಮಾನ.

ಕಿಟ್ಟೆಲ್ ಟ್ಯೂಬಿಂಗನ್‌ನಲ್ಲಿ ಓದಿದವರಲ್ಲ. ಉತ್ತರ ಜರ್ಮನಿಯ ಸಮುದ್ರ ಕಡೆ 1832ರಲ್ಲಿ ಹುಟ್ಟಿ, ಬಾಸೆಲ್‌ನಲ್ಲಿ ತರಬೇತಿ ಪಡೆದು, 1853ರಲ್ಲಿ ಮಂಗಳೂರಿಗೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಅಚ್ಚು ಮಾಡಿಸಿ, ಆಮೇಲೆ ನಿಘಂಟು ಮುಗಿಸಿ, ಕಣ್ಣು ಆರೋಗ್ಯ ಎಲ್ಲ ಸೋತ ಮೇಲೆ ವಾಪಸ್ ಹೋಗಿ ನೆಲೆಸಿದ್ದು ಇಲ್ಲಿ. ಸಂಸ್ಕೃತದ ರುಡಾಲ್ಫ್ ಫೊನ್ ರೋಟ್ ಈ ಊರಲ್ಲೇ ಕೂತು 1855ರಿಂದ 1875ರವರೆಗೆ ಏಳು ಸಂಪುಟದ ಸಂಸ್ಕೃತ ಜರ್ಮನ್ ಕೋಶ ಮಾಡಿದ್ದವರು, ಬ್ಯೋಟ್‌ಲಿಂಕ್ ಜೊತೆ ಸೇರಿ. ಹಾಗಾಗಿ ಡಿಕ್ಷನರಿ ಕಟ್ಟೋದು ಅಂದ್ರೆ ಎಂಥ ಕೂಲಿ ಕೆಲಸ ಅಂತ ಗೊತ್ತಿದ್ದ ಊರು ಅದು. 1896ರಲ್ಲಿ ಕಿಟ್ಟೆಲ್ ಅವರಿಗೂ ಗೌರವ ಡಾಕ್ಟರೇಟ್ ಕೊಟ್ರು. ಕಿಟ್ಟೆಲ್ ಅಲ್ಲೂ ಸುಮ್ಮನೆ ಕೂರಲಿಲ್ಲ, ನೆಕಾರ್ ದಂಡೆಯ ಊರಲ್ಲಿ ಇದ್ಕೊಂಡೇ ಕನ್ನಡ ವ್ಯಾಕರಣದ ಕೆಲಸ ಮಾಡಿದ್ರು, ಪುಸ್ತಕ 1903ರಲ್ಲಿ ಮಂಗಳೂರಲ್ಲಿ ಅಚ್ಚಾಗಿ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ಹೋದ್ರು.

ಗುಂಡರ್ಟ್ ಅವರ ಹಸ್ತಪ್ರತಿಗಳು, ಪುಸ್ತಕಗಳು ಈಗ ಟ್ಯೂಬಿಂಗನ್ ಯೂನಿವರ್ಸಿಟಿ ಲೈಬ್ರರಿಯಲ್ಲಿವೆ. 2018ರಲ್ಲಿ ಅದೆಲ್ಲ ಸ್ಕ್ಯಾನ್ ಮಾಡಿ ಗುಂಡರ್ಟ್ ಪೋರ್ಟಲ್ ಅಂತ ಆನ್‌ಲೈನ್ ಹಾಕಿದ್ರು. ಮಲಯಾಳಿಗಳು ಇದನ್ನ ಚೆನ್ನಾಗಿ ಬಳಸ್ಕೊಳ್ತಿದ್ದಾರೆ, ಆದ್ರೆ ಅದರಲ್ಲಿ ಮಂಗಳೂರಲ್ಲಿ ಅಚ್ಚಾದ ಹಳೇ ಕನ್ನಡ ಪುಸ್ತಕಗಳೂ ಇವೆ. ಫ್ರೀ, ಲಾಗಿನ್ ಬೇಡ, ಫೋನಲ್ಲೇ ತೆಗೆದು ಹಾಳೆ ತಿರುಗಿಸ್ಬಹುದು.